ವಿದುರಾಶ್ವತ್ಥದಲ್ಲಿ ಅತ್ತೆಯ ತಕರಾರು

ನಮ್ಮತ್ತೆಗೆ ವಿದುರಾಶ್ವತ್ಥದ ನಾಗರಕಲ್ಲಿಗೆ ಹಾಲೆರೆಯುವ ಹರಕೆ ಇತ್ತು. ನನಗೆ ಅಲ್ಲಿ ಗೋಲಿಬಾರ್ ನಡೆದ ಜಾಗ ನೋಡಬೇಕಿತ್ತು. ತುಮಕೂರಿನಲ್ಲಿ ತಿಂಡಿ ಮುಗಿಸಿ ಮಧುಗಿರಿ ದಾರಿ ಹಿಡಿದೆವು.

ಮಧುಗಿರಿ ಬೆಟ್ಟ ಕಂಡ ಕೂಡಲೇ ಅತ್ತೆ ಕೈ ಮುಗಿದರು. ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಲ್ಲಿಟ್ಟಿದ್ದು ಇದೇ ಕೋಟೆಯಲ್ಲಿ. 1767ರಲ್ಲಿ ಮರಾಠರು ಕೋಟೆ ಹಿಡಿದು ಅವಳನ್ನು ಬಿಡಿಸಿದರು. ಈಗ ಅಲ್ಲಿಗೆ ಹೋಗುವವರಲ್ಲಿ ಜಾಸ್ತಿ ಜನ ಚಾರಣಕ್ಕೆ ಹೋಗುವವರು. ಅದರಲ್ಲಿ ತಪ್ಪೇನಿಲ್ಲ ಬಿಡಿ. ಕೋಟೆ ಕಂಡರೆ ಸಾಕು, ಇಲ್ಲಿ ಯುದ್ಧ ನಡೆದಿದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ವಿದುರಾಶ್ವತ್ಥ ಹಾಗಲ್ಲ. ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಸ್ವಲ್ಪ ಹೋದರೆ ಸಿಗುತ್ತದೆ. ಪಕ್ಕದಲ್ಲಿ ಉತ್ತರ ಪಿನಾಕಿನಿ. ವಿದುರ ನೆಟ್ಟಿದ್ದು ಅಂತ ಜನ ನಂಬುವ ಅಶ್ವತ್ಥ ಮರ 2001ರಲ್ಲಿ ಬಿದ್ದುಹೋಯಿತು. ನಾಗರಕಲ್ಲುಗಳಿಗೆ ಮಾತ್ರ ಲೆಕ್ಕವಿಲ್ಲ. ಕಾಲಿಡಲು ಜಾಗವಿಲ್ಲದಷ್ಟು ಒತ್ತೊತ್ತಾಗಿ ನಿಲ್ಲಿಸಿದ್ದಾರೆ. ಕೆಲವು ಸವೆದು ಹೆಡೆ ಯಾವುದು, ಬಾಲ ಯಾವುದು ಗೊತ್ತಾಗುವುದಿಲ್ಲ. ಹೊಸದರಲ್ಲಿ ಉಳಿ ಏಟು ಇನ್ನೂ ಚೂಪಾಗಿದೆ. ಅರಿಶಿನ, ಕುಂಕುಮ, ಹಾಲು ಎಲ್ಲಾ ಸೇರಿ ಬುಡದಲ್ಲಿ ಕೆಸರಾಗಿತ್ತು, ಅದರ ಮೇಲೆ ಇರುವೆ ಸಾಲು. ಅತ್ತೆ ಸೆರಗು ಸಿಕ್ಕಿಸಿಕೊಂಡು ಹುಷಾರಾಗಿ ಒಂದೊಂದೇ ಹೆಜ್ಜೆ ಇಟ್ಟು ಹಾಲೆರೆದು ಬಂದರು.

ಆಮೇಲೆ ಸ್ಮಾರಕದ ಕಡೆ ಹೊರಟೆವು. ದೇವಸ್ಥಾನಕ್ಕೆ ಬಂದ ಜನರಲ್ಲಿ ಈ ಕಡೆ ತಿರುಗಿದವರು ಬೆರಳೆಣಿಕೆಯಷ್ಟು. ಹುತಾತ್ಮರ ಸ್ತೂಪ ಇದೆ, ವೀರಸೌಧದಲ್ಲಿ ಸ್ವಾತಂತ್ರ್ಯ ಹೋರಾಟದ ಚಿತ್ರಗಳಿವೆ. ನಾನು ಮಾತ್ರ ಸುತ್ತಲಿನ ನೆಲ ನೋಡುತ್ತಿದ್ದೆ. ಗುಂಡು ಹಾರಿದರೆ ಜನ ಯಾವ ಕಡೆ ಓಡಬೇಕು?

1938ರ ಏಪ್ರಿಲ್‌ನಲ್ಲಿ ಮದ್ದೂರು ಹತ್ತಿರದ ಶಿವಪುರದಲ್ಲಿ ನಿಷೇಧ ಮೀರಿ ಕಾಂಗ್ರೆಸ್ ಬಾವುಟ ಹಾರಿಸಿದರು. ಆ ಹುಮ್ಮಸ್ಸು ಇಲ್ಲಿಗೂ ಬಂತು. ಏಪ್ರಿಲ್ 25ರಂದು ಬಾವುಟದ ಸಲುವಾಗಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಮೂವತ್ತಕ್ಕೂ ಹೆಚ್ಚು ಅಂತ ಇಲ್ಲಿನವರು ಹೇಳುತ್ತಾರೆ. ಆಗಿನ ಸರ್ಕಾರ ಒಪ್ಪಿಕೊಂಡದ್ದು ಅದಕ್ಕಿಂತ ತೀರಾ ಕಮ್ಮಿ. ದಕ್ಷಿಣದ ಜಲಿಯನ್‌ವಾಲಾಬಾಗ್ ಅನ್ನುವ ಹೆಸರು ಬಂದದ್ದು ಇದಕ್ಕೇ.

ಈ ಹೆಸರಿನಿಂದ ಒಂದು ತೊಂದರೆ ಇದೆ. ಕೇಳಿದವರಿಗೆ ತಕ್ಷಣ ಜಲಿಯನ್‌ವಾಲಾಬಾಗ್‌ನಲ್ಲಿ ಗುಂಡು ಹಾರಿಸಿದ ಬ್ರಿಟಿಷ್ ಅಧಿಕಾರಿ ಡೈಯರ್ ನೆನಪಾಗುತ್ತಾನೆ. ಅತ್ತೆಗೂ ಹಾಗೇ ಆಯಿತು.

"ಬಿಳಿಯರು ಎಂಥಾ ಪಾಪಿಗಳು ನೋಡಪ್ಪ."

"ಬಿಳಿಯರಲ್ಲ ಅತ್ತೆ. ಮೈಸೂರು ಸಂಸ್ಥಾನದ ಪೊಲೀಸರು."

"ಆಗ ರಾಜರು ಯಾರು?"

"ನಾಲ್ವಡಿಯವರೇ. ದಿವಾನರು ಮಿರ್ಜಾ ಇಸ್ಮಾಯಿಲ್."

"ಸುಮ್ನಿರು. ಅವರ ಕಾಲದಲ್ಲಿ ಹಾಗೆಲ್ಲಾ ಎಲ್ಲಿ ನಡೀತಿತ್ತು?"

ಅವರ ಮನೆಯ ಪಡಸಾಲೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಫೋಟೋ ಇದೆ. ಮಾವ ಇರುವವರೆಗೂ ಅದಕ್ಕೆ ಹೂವು ತಪ್ಪಿಸಿದವರಲ್ಲ. ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾಲಯ ಎಲ್ಲಾ ಅವರ ಕಾಲದ್ದೇ ಅಲ್ವಾ? ಗಾಂಧೀಜಿಯೇ ರಾಜರ್ಷಿ ಅಂದರು. ಅದೂ ನಿಜ, ಇದೂ ನಿಜ. ಮಾದರಿ ಸಂಸ್ಥಾನದಲ್ಲೂ ಬಾವುಟ ಹಾರಿಸಲು ಹೋದವರಿಗೆ ಗುಂಡು ಬಿತ್ತು. ಎರಡನ್ನೂ ಒಟ್ಟಿಗೆ ಹೇಳಲು ನಮಗೆ ಬಾಯಿ ಬರುವುದಿಲ್ಲ. ಅದಕ್ಕೇ ಡೈಯರ್ ಹೆಸರು ಅನುಕೂಲ.

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಕಾರಿನಲ್ಲಿ ಕೂತ ಮೇಲೆ, "ಆಮೇಲೆ ಏನಾಯ್ತು?" ಅಂದರು. ಸರ್ದಾರ್ ಪಟೇಲರೂ ಕೃಪಲಾನಿಯವರೂ ಮೈಸೂರಿಗೆ ಬಂದರು, ಪಟೇಲ್-ಮಿರ್ಜಾ ಒಪ್ಪಂದ ಆಯಿತು, ಮೈಸೂರು ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತಾಯಿತು ಅಂದೆ.

"ಕೊನೆಗೆ ಒಪ್ಪೋದೇ ಆಗಿದ್ರೆ ಮೊದಲೇ ಒಪ್ಪೋಕೆ ಏನಾಗಿತ್ತು ಅವರಿಗೆ?"

ಗೌರಿಬಿದನೂರಿನಲ್ಲಿ ಊಟಕ್ಕೆ ನಿಲ್ಲಿಸಿದೆವು. ಅನ್ನ ಕಲಸುತ್ತಾ ಅವರೇ ಮತ್ತೆ ಮಾತು ತೆಗೆದರು. ಫೋಟೋ ಇಳಿಸುವ ಮಾತೇ ಇಲ್ಲವಂತೆ. ಆದರೆ ಬೇಸಿಗೆ ರಜಕ್ಕೆ ಮೊಮ್ಮಕ್ಕಳು ಬಂದಾಗ ಇಲ್ಲಿಗೆ ಕರೆದುಕೊಂಡು ಬರಬೇಕಂತೆ, ಕಾರು ನಾನೇ ಓಡಿಸಬೇಕಂತೆ.