ರಿಬ್ಬನ್ ಸ್ಪೀಕರ್‌ಗೆ ಅಷ್ಟು ದುಡ್ಡು ಹಾಕಬಹುದಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮೈಸೂರಿನಲ್ಲಿ ಮನೆಯ ಒಂದು ರೂಮನ್ನೇ ಸ್ಟುಡಿಯೋ ಮಾಡಿಕೊಂಡವರೂ, ಮಂಡ್ಯದಲ್ಲಿ ಹೊಸ ಮನೆಯ ಹಾಲ್‌ಗೆ ಒಳ್ಳೆ ಸಿಸ್ಟಂ ಹುಡುಕುತ್ತಿರುವವರೂ ಕೇಳುವ ಪ್ರಶ್ನೆ ಒಂದೇ: "ಸಾರ್, ರಿಬ್ಬನ್ ಟ್ವೀಟರ್ ಇರೋ ಸ್ಪೀಕರ್‌ಗೆ ಅಷ್ಟು ದುಡ್ಡು ಹಾಕಬಹುದಾ? ಅದರಲ್ಲಿ ಅಂಥದ್ದೇನಿದೆ?" ಟ್ವೀಟರ್ ಎಂದರೆ ಸ್ಪೀಕರ್‌ನಲ್ಲಿ ಕೀಚಲು ಸದ್ದು ನುಡಿಸುವ ಭಾಗ.

ಹಾಕಬಹುದು. ಆದರೆ ಡಬ್ಬದ ಮೇಲೆ ಅಚ್ಚು ಹಾಕಿರುವ "40 ಕಿಲೋಹರ್ಟ್ಜ್‌ವರೆಗೆ" ಎಂಬ ಸಾಲಿಗಾಗಿ ಅಲ್ಲ. ಕಿಲೋಹರ್ಟ್ಜ್ ಎಂದರೆ ಸದ್ದು ಎಷ್ಟು ಕೀಚಲು ಎಂಬುದರ ಅಳತೆ. ನಡುವಯಸ್ಸು ದಾಟಿದ ಕಿವಿಗೆ 15 ಕಿಲೋಹರ್ಟ್ಜ್ ಕೇಳಿಸಿದರೇ ಹೆಚ್ಚು, ಸಿ.ಡಿ.ಯಲ್ಲಂತೂ 22.05ರಿಂದ ಆಚೆ ಏನೂ ಇರುವುದಿಲ್ಲ. ರಿಬ್ಬನ್‌ನ ನಿಜವಾದ ಗುಣ ಎರಡು. ಒಂದು ಅದರ ಹಗುರ. ಇನ್ನೊಂದು, ಶಬ್ದವನ್ನು ನೆಲಕ್ಕೂ ಸೂರಿಗೂ ಚೆಲ್ಲದೆ ಮುಂದಕ್ಕೇ ಕಳಿಸುವುದು. ನಮ್ಮ ಕಡೆಯ ಮನೆಗಳಿಗೆ ಎರಡನೆಯದರಿಂದಲೇ ಹೆಚ್ಚು ಲಾಭ.

ಮೊದಲು ಹಗುರದ ಮಾತು. ಸಾಮಾನ್ಯ ಡೋಮ್ (ಗುಮ್ಮಟದಾಕಾರದ) ಟ್ವೀಟರ್‌ನಲ್ಲಿ ತಂತಿಯ ಕಾಯಿಲ್, ಅಂದರೆ ಸುರುಳಿ, ಒಂದಿರುತ್ತದೆ, ಅದು ಡೋಮ್‌ನ ಅಂಚನ್ನು ತಳ್ಳುತ್ತದೆ. ರಿಬ್ಬನ್‌ನಲ್ಲಿ ಕಾಯಿಲ್ ಇರುವುದೇ ಇಲ್ಲ. ಎರಡು ಮ್ಯಾಗ್ನೆಟ್‌ಗಳ ನಡುವೆ ಸಣ್ಣ ಸಣ್ಣ ನೆರಿಗೆ ಹಿಡಿದ ಅಲ್ಯೂಮಿನಿಯಂ ಫಾಯಿಲ್ ಪಟ್ಟಿ ನೇತಾಡುತ್ತಿರುತ್ತದೆ. ಕರೆಂಟ್ ಹರಿಯುವುದೂ ಅದರಲ್ಲೇ, ಗಾಳಿಯನ್ನು ಅಲುಗಿಸುವುದೂ ಅದೇ. 60 ಮಿ.ಮೀ. ಉದ್ದ, 8 ಮಿ.ಮೀ. ಅಗಲ, 0.01 ಮಿ.ಮೀ. ದಪ್ಪದ ಪಟ್ಟಿ ತೂಗಿದರೆ ಸುಮಾರು 13 ಮಿಲಿಗ್ರಾಂ, ಅಂದರೆ ಸಣ್ಣಕ್ಕಿಯ ಒಂದು ಕಾಳಿನ ಆಸುಪಾಸು. 25 ಮಿ.ಮೀ. ಡೋಮ್‌ನ ವಿಸ್ತೀರ್ಣವೂ ಹೆಚ್ಚುಕಡಿಮೆ ಅಷ್ಟೇ, ಆದರೆ ಕಾಯಿಲ್ ಸೇರಿ ಅದರ ತೂಕ ಸಾಮಾನ್ಯವಾಗಿ 300 ಮಿಲಿಗ್ರಾಂ ಸುತ್ತ. 1924ರಲ್ಲೇ ಜರ್ಮನಿಯಲ್ಲಿ ಶಾಟ್ಕಿ ಮತ್ತು ಗೆರ್ಲಾಖ್ ಕಂಡುಕೊಂಡ ಉಪಾಯ ಇದು. ರಿಬ್ಬನ್ ಮೈಕ್ ಇದನ್ನೇ ತಿರುಗುಮುರುಗಾಗಿ ಮಾಡುತ್ತದೆ.

"ರಿಬ್ಬನ್ ಫಾಸ್ಟ್" ಎಂಬ ಮಾತನ್ನು ಮಾತ್ರ ತೂಗಿ ನೋಡಬೇಕು. 20 ಕಿಲೋಹರ್ಟ್ಜ್‌ವರೆಗೆ ಸರಿಯಾಗಿ ನುಡಿಸುವ ಡೋಮ್ ಕೂಡ ಅಷ್ಟೇ ಫಾಸ್ಟ್. ವ್ಯತ್ಯಾಸ ಇರುವುದು ಬೇರೆ ಕಡೆ: ರಿಬ್ಬನ್‌ಗೆ ಮೈಯೆಲ್ಲಾ ಒಂದೇ ಸಮ ಬಲ ಬೀಳುತ್ತದೆ, ಹಾಗಾಗಿ ಒಂದು ಅಂಚು ಒಂದು ಕಡೆ, ನಡು ಇನ್ನೊಂದು ಕಡೆ ಎಳೆದಾಡುವುದು ಕಡಿಮೆ. ಕಂಸಾಳೆ ರೆಕಾರ್ಡಿಂಗ್ ಹಾಕಿ ನೋಡಿ. ಒಂದು ಕೈಯ ಬಟ್ಟಲಿಗೆ ಇನ್ನೊಂದು ಕೈಯ ತಟ್ಟೆ ಬಡಿದಾಗ ಮೊದಲು ಪೆಟ್ಟು, ಆಮೇಲೆ ಕಂಚಿನ ಝೇಂಕಾರ. ಕಳಪೆ ಟ್ವೀಟರ್‌ನಲ್ಲಿ ಎರಡೂ ಕಲಸಿಕೊಂಡು ಬರೀ "ಚಿಸ್" ಎನ್ನುತ್ತದೆ. ಒಳ್ಳೆಯ ರಿಬ್ಬನ್‌ನಲ್ಲಿ ಮೇಳದ ಐದಾರು ಜನ ಒಟ್ಟಿಗೆ ಬಡಿದರೂ ಯಾರು ಅರೆಕ್ಷಣ ಮುಂದೆ, ಯಾರು ಹಿಂದೆ ಎಂದು ಎಣಿಸಬಹುದು. ವೀಣೆಯಲ್ಲಾದರೆ ತಂತಿಗೆ ಉಗುರು ತಾಗುವ ಸದ್ದು ನಾದದಿಂದ ಬೇರೆಯಾಗಿ ನಿಲ್ಲುತ್ತದೆ.

ಸ್ಟುಡಿಯೋದವರು ಇದಕ್ಕಿಂತ ಮುಖ್ಯವಾಗಿ ಗಮನಿಸಬೇಕಾದದ್ದು ಸಕಾರ, ಶಕಾರ. ಶಕಾರದ ಬಲ ಸುಮಾರು 3ರಿಂದ 5 ಕಿಲೋಹರ್ಟ್ಜ್‌ನಲ್ಲಿ, ಸಕಾರದ್ದು 5ರಿಂದ 9ರಲ್ಲಿ. ಮಾನಿಟರ್ (ಸ್ಟುಡಿಯೋದಲ್ಲಿ ಕೇಳಿ ನೋಡುವ ಸ್ಪೀಕರ್) 7ರ ಹತ್ತಿರ ತಾನಾಗಿಯೇ ಚುಚ್ಚುತ್ತಿದ್ದರೆ ನೀವು ಸಕಾರ ತಗ್ಗಿಸುವ ಡಿ-ಎಸ್ಸರ್ ಜಾಸ್ತಿ ಹಾಕುತ್ತೀರಿ. ಬೇರೆ ಕಡೆ ಕೇಳಿದಾಗ ಗಾಯಕಿಯ "ಸರಸ್ವತಿ" ನಾಲಿಗೆ ದಪ್ಪವಾದಂತೆ ಬರುತ್ತದೆ. ಆ ಜಾಗದಲ್ಲಿ ಸಮತಟ್ಟಾಗಿರುವ ರಿಬ್ಬನ್ ಈ ತಪ್ಪನ್ನು ತಪ್ಪಿಸುತ್ತದೆ. ಚುಚ್ಚುವ ರಿಬ್ಬನ್‌ಗಳೂ ಇವೆ, ಅದನ್ನೂ ಹೇಳಲೇಬೇಕು. ಕೆಟ್ಟ ರಿಬ್ಬನ್‌ಗಿಂತ ಒಳ್ಳೆ ಡೋಮ್ ಎಷ್ಟೋ ಮೇಲು.

ಹೆಸರಿನ ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಆಡಂ, ಈವ್, ಹೆಡ್ ಮುಂತಾದ ಸ್ಟುಡಿಯೋ ಮಾನಿಟರ್‌ಗಳಲ್ಲಿ ಜನ ರಿಬ್ಬನ್ ಎನ್ನುವುದು ನಿಜವಾಗಿ ಏರ್ ಮೋಷನ್ ಟ್ರಾನ್ಸ್‌ಫಾರ್ಮರ್, ಆಸ್ಕರ್ ಹೈಲ್ ಅವರ ಸೃಷ್ಟಿ. ಅದರಲ್ಲಿ ಫಿಲ್ಮ್ ಹಾರ್ಮೋನಿಯಂ ತಿದಿಯಂತೆ ಮಡಚಿರುತ್ತದೆ, ಮಡಿಕೆಗಳು ಹಿಂಡಿಕೊಂಡು ಗಾಳಿಯನ್ನು ಹೊರಗೆ ನೂಕುತ್ತವೆ. ಮ್ಯಾಗ್ನೆಪಾನ್‌ನಂಥ ದೊಡ್ಡ ಪ್ಯಾನೆಲ್‌ಗಳಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ತಂತಿ ಅಂಟಿಸಿರುತ್ತಾರೆ, ಅದು ಪ್ಲೇನಾರ್. ಮೂರಕ್ಕೂ ಸ್ವಭಾವ ಹತ್ತಿರ, ಆರೈಕೆ ಬೇರೆ. ದಿನಾ ಎಂಟು ಗಂಟೆ ಜೋರಾಗಿ ಓಡುವ ರೂಮಿಗೆ ಮಡಿಕೆಯದೇ ಸರಿ, ಅದು ಪೆಟ್ಟು ತಡೆಯುತ್ತದೆ. ಮನೆಯಲ್ಲಿ ಸಮಾಧಾನವಾಗಿ ಕೇಳುವವರು ನಿಜ ರಿಬ್ಬನ್‌ಗೆ ಹೋಗಬಹುದು.

ಈಗ ಎರಡನೆಯ ಗುಣ. ಎತ್ತರದ ಪಟ್ಟಿ ಶಬ್ದವನ್ನು ಅಡ್ಡಕ್ಕೆ ಅಗಲವಾಗಿ, ಉದ್ದಕ್ಕೆ ಕಿರಿದಾಗಿ ಬೀರುತ್ತದೆ. ನಮ್ಮ ಮನೆಗಳಲ್ಲಿ ರೆಡ್ ಆಕ್ಸೈಡ್, ಮೊಸಾಯಿಕ್ ಅಥವಾ ಗ್ರಾನೈಟ್ ನೆಲ, ಮೇಲೆ ಆರ್‌ಸಿಸಿ. ಎರಡೂ ಕನ್ನಡಿಯ ಹಾಗೆ ಸದ್ದನ್ನು ವಾಪಸ್ ಎಸೆಯುತ್ತವೆ. ಸ್ಪೀಕರೂ ಕಿವಿಯೂ 1 ಮೀಟರ್ ಎತ್ತರದಲ್ಲಿದ್ದು ನಡುವೆ 2 ಮೀಟರ್ ಅಂತರವಿದ್ದರೆ ನೆಲಕ್ಕೆ ಹೋಗುವ ಸದ್ದು 45 ಡಿಗ್ರಿ ಕೆಳಗೆ ಬಾಗಿರುತ್ತದೆ. 60 ಮಿ.ಮೀ. ಪಟ್ಟಿಯಿಂದ ಆ ದಿಕ್ಕಿಗೆ 5 ಕಿಲೋಹರ್ಟ್ಜ್‌ನಲ್ಲಿ ಸುಮಾರು 6 ಡೆಸಿಬಲ್ ಕಡಿಮೆ ಹೋಗುತ್ತದೆ, ಕಿಲೋಹರ್ಟ್ಜ್ ಏರಿದಂತೆ ಇನ್ನೂ ಕಡಿಮೆ. 3 ಕಿಲೋಹರ್ಟ್ಜ್‌ನಲ್ಲಿ ಕಡಿತ ಬರೀ 2 ಡೆಸಿಬಲ್, ಆದ್ದರಿಂದ ಮುಂದೆ ಒಂದು ದಪ್ಪ ಜಮಖಾನ ಹಾಸುವುದು ತಪ್ಪುವುದಿಲ್ಲ. ಅಕ್ಕಪಕ್ಕದ ಗೋಡೆಗೆ ರಿಬ್ಬನ್‌ನಿಂದ ಯಾವ ಉಪಕಾರವೂ ಇಲ್ಲ. ನೀವು ಕೂತಿರಿ, ಇನ್ನೊಬ್ಬರು ಗೋಡೆಗುಂಟ ಕನ್ನಡಿ ಸರಿಸಲಿ. ಕನ್ನಡಿಯಲ್ಲಿ ನಿಮಗೆ ಟ್ವೀಟರ್ ಕಂಡ ಜಾಗಕ್ಕೆ ಪುಸ್ತಕದ ಕಪಾಟೋ ದಪ್ಪ ಪರದೆಯೋ ಬರಲಿ.

ಇದೇ ಗುಣಕ್ಕೆ ತೆರಬೇಕಾದ ಬೆಲೆಯೂ ಇದೆ: ಕಿವಿ ಟ್ವೀಟರ್‌ನ ಮಟ್ಟದಲ್ಲೇ ಇರಬೇಕು. 1 ಮೀಟರ್ ದೂರದಲ್ಲಿ ಕೂತಾಗ ತಲೆ 35 ಸೆಂ.ಮೀ. ಮೇಲೆ ಹೋದರೆ 10 ಕಿಲೋಹರ್ಟ್ಜ್ ಅರ್ಧದಷ್ಟು, ಅಂದರೆ 6 ಡೆಸಿಬಲ್ ಕುಸಿಯುತ್ತದೆ. ಕುರ್ಚಿಯಿಂದ ಎದ್ದು ನಿಂತು "ಇದರಲ್ಲಿ ಟ್ರೆಬಲ್ ಇಲ್ಲ" ಎನ್ನುವವರಿಗೆ ಇಷ್ಟೇ ಕಾರಣ. ಕುರ್ಚಿಯಲ್ಲಿ ಕೂತವರ ಕಿವಿ ನೆಲದಿಂದ ಸುಮಾರು 110 ಸೆಂ.ಮೀ., ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತವರದು 75ರ ಹತ್ತಿರ. ಟೇಪ್ ಹಿಡಿದು ಅಳೆದು ಸ್ಟ್ಯಾಂಡ್ ಮಾಡಿಸಿ. ಜಾಗ ಸಾಲದು ಎಂದು ಮಾನಿಟರನ್ನು ಮೇಜಿನ ಮೇಲೆ ಅಡ್ಡ ಮಲಗಿಸಲೇಬೇಡಿ. ಕಿರಿದಾದ ಹರವು ಅಡ್ಡಕ್ಕೆ ತಿರುಗಿ, ತಲೆ ಸ್ವಲ್ಪ ಅಲುಗಿದರೂ ಸ್ಟೀರಿಯೋ ಚಿತ್ರ ಕದಡುತ್ತದೆ.

ತಾವೇ ಬಾಕ್ಸ್ ಕಟ್ಟುವವರು ಸೋಲುವುದು ಹೆಚ್ಚಾಗಿ ಕ್ರಾಸ್‌ಓವರ್‌ನಲ್ಲಿ, ಅಂದರೆ ಕೆಳದನಿಯನ್ನು ವೂಫರ್‌ಗೂ ಮೇಲುದನಿಯನ್ನು ಟ್ವೀಟರ್‌ಗೂ ಹಂಚುವ ಸರ್ಕ್ಯೂಟ್‌ನಲ್ಲಿ. ಅದೇ ಜೋರಿಗೆ ಒಂದು ಆಕ್ಟೇವ್ (ಒಂದು ಸ್ಥಾಯಿ) ಕೆಳಗೆ ನುಡಿಸಲು ಪಟ್ಟಿ ನಾಲ್ಕು ಪಟ್ಟು ಅಲುಗಬೇಕು, ಸಣ್ಣ ರಿಬ್ಬನ್‌ಗೆ ಅಷ್ಟು ಜಾಗವಿಲ್ಲ. ಹಂಚುವ ಜಾಗವನ್ನು 3 ಕಿಲೋಹರ್ಟ್ಜ್‌ಗಿಂತ ಕೆಳಗೆ ಇಳಿಸಬೇಡಿ, ಅದರ ಕೆಳಗಿನ ಸದ್ದನ್ನು ಕತ್ತರಿಸುವ ಇಳಿಜಾರು ಆಕ್ಟೇವ್‌ಗೆ 24 ಡೆಸಿಬಲ್ ಇರಲಿ. ಜೊತೆಗೆ ಆರೂವರೆ ಇಂಚಿನ ವೂಫರ್ ಹಾಕಿದರೆ ಅದು ಅಷ್ಟರಲ್ಲೇ ಟಾರ್ಚಿನಂತೆ ಮುಂದಕ್ಕೇ ಬೀರಲು ಶುರುಮಾಡಿರುತ್ತದೆ, ರಿಬ್ಬನ್ ಮಾತ್ರ ಅಗಲಕ್ಕೆ ಹರಡುತ್ತದೆ. ಪಕ್ಕಕ್ಕೆ ಕೂತವರಿಗೆ ದನಿ ತೆಳ್ಳಗೆ ಕೇಳುತ್ತದೆ. ಐದು ಇಂಚಿನದು ಹಾಕಿ, ಇಲ್ಲವೇ ನಡುದನಿಗೆ ಬೇರೆಯೇ ಘಟಕ ಇರುವ ಮೂರು ದಾರಿಯದು (ತ್ರೀ-ವೇ) ಕಟ್ಟಿ.

ಇನ್ನೊಂದು ಎಲ್ಲರನ್ನೂ ಗಾಬರಿಗೊಳಿಸುತ್ತದೆ. ಮಲ್ಟಿಮೀಟರ್ ಇಟ್ಟರೆ ನಿಜ ರಿಬ್ಬನ್ ಹತ್ತಿರಹತ್ತಿರ ಸೊನ್ನೆ ಓಮ್ ತೋರಿಸುತ್ತದೆ. ಶಾರ್ಟ್ ಆಗಿಲ್ಲ. ಪಟ್ಟಿಯ ರೆಸಿಸ್ಟೆನ್ಸ್ 0.02 ಓಮ್ ಇರುವುದರಿಂದ ಒಳಗೆ ಟ್ರಾನ್ಸ್‌ಫಾರ್ಮರ್ ಇಟ್ಟಿರುತ್ತಾರೆ. 17:1 ಸುತ್ತಿದರೆ ಆಂಪ್‌ಗೆ ಸುಮಾರು 6 ಓಮ್ ಕಾಣುತ್ತದೆ. ಮೀಟರ್ ನೋಡುವುದು ಆ ಟ್ರಾನ್ಸ್‌ಫಾರ್ಮರ್‌ನ ತಂತಿಯನ್ನು. ಆದ್ದರಿಂದಲೇ ಆಂಪ್‌ಗೆ ನೇರವಾಗಿ ಜೋಡಿಸಿ ಪರೀಕ್ಷಿಸಬಾರದು. ಸರಣಿಯಲ್ಲಿ 4.7 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್ ಹಾಕಿ, ದನಿ ತೀರಾ ಸಣ್ಣಗಿಟ್ಟು ನೋಡಿ.

ಪಟ್ಟಿಯನ್ನು ಕೊಲ್ಲುವುದು ಸಂಗೀತಕ್ಕಿಂತ ಹೆಚ್ಚಾಗಿ ಗಾಳಿ. ಧೂಳು ಕಂಡಿತೆಂದು ಬಾಯಿಂದ ಉಫ್ ಎಂದರೆ, ವ್ಯಾಕ್ಯೂಮ್ ಕ್ಲೀನರ್ ಹಿಡಿದರೆ, ಪೆಡೆಸ್ಟಲ್ ಫ್ಯಾನ್ ನೇರ ಮುಖಕ್ಕೆ ತಿರುಗಿಸಿದರೆ ಪಟ್ಟಿ ಹಿಗ್ಗಿ ಜೋತುಬೀಳುತ್ತದೆ. ಆಲೆಮನೆ ಇರುವ ಊರುಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿದ ಮಸಿ ಹಾರಿಬಂದು ಪಟ್ಟಿಯ ಪಕ್ಕದ ಕೂದಲೆಳೆಯಷ್ಟು ಸಂದಿಯಲ್ಲಿ ಕೂರುತ್ತದೆ. ಗ್ರಿಲ್ ವೆಲ್ಡಿಂಗ್ ಅಂಗಡಿ ಹತ್ತಿರವಿದ್ದರೆ ಕಬ್ಬಿಣದ ಪುಡಿಯನ್ನು ಮ್ಯಾಗ್ನೆಟ್ ತಾನೇ ಎಳೆದುಕೊಳ್ಳುತ್ತದೆ. ಕೇಳದಿರುವಾಗ ಒತ್ತಾದ ಹತ್ತಿಬಟ್ಟೆ ಹೊದಿಸಿ. ಕರೆಂಟ್ ಹೋದರೆ ಮೊದಲು ಆಂಪ್ ಸ್ವಿಚ್ ಆರಿಸಿ, ಬಂದ ಮೇಲೆ ಎಲ್ಲವೂ ಹತ್ತಿಕೊಂಡ ಬಳಿಕ ಕೊನೆಗೆ ಅದನ್ನು ಹಾಕಿ; ಆ "ಧಬ್" ಎಂಬ ಒಂದೇ ಸದ್ದು ಪಟ್ಟಿಯನ್ನು ಜಾಗ ತಪ್ಪಿಸಬಲ್ಲದು.

ಸೆಕೆಂಡ್ ಹ್ಯಾಂಡ್ ಜೋಡಿ ನೋಡಲು ಹೋದರೆ ಫೋನಿನಲ್ಲಿ ಸೈನ್ ಸ್ವೀಪ್ (ಕೆಳಗಿಂದ ಮೇಲಕ್ಕೆ ಜಾರುತ್ತಾ ಹೋಗುವ ಒಂದೇ ಶುದ್ಧ ಸ್ವರ) ಇಟ್ಟುಕೊಂಡು ಹೋಗಿ. 3ರಿಂದ 12 ಕಿಲೋಹರ್ಟ್ಜ್‌ವರೆಗೆ ಸಣ್ಣ ದನಿಯಲ್ಲಿ, ಒಂದೊಂದೇ ಸ್ಪೀಕರ್‌ನಲ್ಲಿ, ಕಿವಿ ಅದೇ ಮಟ್ಟದಲ್ಲಿಟ್ಟು ಕೇಳಿ. ನಡುವೆ ಎಲ್ಲಾದರೂ "ಝರ್" ಎಂದರೆ ಪಟ್ಟಿ ಅಂಚಿಗೆ ತಾಗುತ್ತಿದೆ. ಟಾರ್ಚ್ ಹಾಕಿ ನೋಡಿ: ನೆರಿಗೆಗಳು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇರಬೇಕು. ಕೆಳಗೆ ಒತ್ತೊತ್ತಾಗಿ ಮೇಲೆ ಬಿಡಿಸಿಕೊಂಡಿದ್ದರೆ ಆ ಫಾಯಿಲ್ ಬದಲಿಸಲೇಬೇಕು. ಬದಲಿ ಪಟ್ಟಿ ಈಗಲೂ ಸಿಗುತ್ತದೆಯೇ ಎಂದು ವಿಚಾರಿಸಿಕೊಂಡ ಮೇಲೆಯೇ ರೇಟು ಮಾತಾಡಿ.