ಅವತ್ತು ಅಜ್ಜಿ ಬೆಲ್ ಹೊಡೆಯೋದನ್ನೇ ಬಿಟ್ಟರು

"ಮೂರನೇ ಸಲ ಬೆಲ್ ಹೊಡೀತಿದ್ದೀರಲ್ಲಾ ಅಜ್ಜಿ, ನಾನಿರೋದು ಒಬ್ಳೇ!"

ನೈಟ್ ಡ್ಯೂಟಿಯಲ್ಲಿ ನರ್ಸ್ ಆದ ನಾನು ಹೀಗೆ ಕೂಗಿದ್ದಕ್ಕೆ ಪಕ್ಕದ ಎರಡು ಬೆಡ್‌ನವರಿಗೂ ಎಚ್ಚರ ಆಯಿತು. ಅಜ್ಜಿ ಏನೂ ಅನ್ನಲಿಲ್ಲ. ಬೆಲ್ಲಿನ ವೈರನ್ನು ಮೆಲ್ಲಗೆ ದಿಂಬಿನಾಚೆ ಸರಿಸಿಟ್ಟರು. ಬೆಳಗಿನ ಜಾವ ಐದಕ್ಕೆ ಬಿಪಿ ನೋಡಲು ಹೋದಾಗ ಹಾಸಿಗೆ ಪೂರ್ತಿ ಒದ್ದೆಯಾಗಿತ್ತು. ಎಷ್ಟು ಹೊತ್ತಿಂದ ಹಾಗೇ ಮಲಗಿದ್ದರೋ.

ಆ ರಾತ್ರಿ ನನ್ನ ಪಾಲಿಗೆ 22 ರೋಗಿಗಳಿದ್ದರು. ಇಬ್ಬರು ಇರಬೇಕಾದ ಜಾಗದಲ್ಲಿ ಒಬ್ಬಳೇ, ಯಾಕೆಂದರೆ ಇನ್ನೊಬ್ಬರನ್ನು ಐಸಿಯುಗೆ ಕರೆಸಿಕೊಂಡಿದ್ದರು. ಆದರೂ ನಾನು ಬೈದುಕೊಂಡಿದ್ದು ನನ್ನನ್ನೇ. ತಾಳ್ಮೆ ಕಡಿಮೆಯಾಗಿದೆ, ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ ಅಂತ. ಆಸ್ಪತ್ರೆಯವರೂ ಅದನ್ನೇ ಅಂದುಕೊಂಡರು ಅನ್ಸುತ್ತೆ, ರೋಗಿಗಳ ಜೊತೆ ಹೇಗೆ ಮಾತಾಡಬೇಕು ಅಂತ ಒಂದು ದಿನದ ತರಬೇತಿಗೆ ಕಳಿಸಿದರು. ನೈಟ್ ಡ್ಯೂಟಿ ಮುಗಿಸಿದ ಮರುದಿನವೇ! ಅರ್ಧ ನಿದ್ದೆಯಲ್ಲಿ ಕೂತು ನಗುವುದು ಹೇಗೆ ಅಂತ ಕಲಿತು ಬಂದೆ.

ಕೆಲವು ತಿಂಗಳಾದ ಮೇಲೆ ವಾರ್ಡಿನಲ್ಲಿ ನೀರಿನ ಪೈಪ್ ಒಡೆದು ರಿಪೇರಿಗೆ ಅಂತ ಅರ್ಧ ಬೆಡ್ ಮುಚ್ಚಿದರು. ಮೂರು ವಾರ. ಸಿಬ್ಬಂದಿ ಅಷ್ಟೇ, ರೋಗಿಗಳು ಅರ್ಧ. ಹೇಳಿದರೆ ನಂಬ್ತೀರೋ ಇಲ್ಲವೋ, ನಾನು ಒಳ್ಳೆಯವಳಾಗಿಬಿಟ್ಟೆ. ಡ್ರಿಪ್ ಕೊಡೋಕೆ ಕೈಗೆ ಕ್ಯಾನುಲಾ (ಸಣ್ಣ ನಳಿಕೆ) ಹಾಕುವಾಗ ಸ್ಟೂಲ್ ಎಳೆದುಕೊಂಡು ಕೂತು ಮಾತಾಡುತ್ತಿದ್ದೆ. ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ವಿವರ ಒಪ್ಪಿಸುವ ಹ್ಯಾಂಡೋವರಿನಲ್ಲಿ 'ಹಟಮಾರಿ, ಮಾತ್ರೆ ನುಂಗಲ್ಲ' ಅಂತ ದಿನಾ ಹೇಳಿಸಿಕೊಳ್ಳುತ್ತಿದ್ದ ಒಬ್ಬರ ಹತ್ತಿರ ಹಾಗೆ ಕೂತಾಗಲೇ ಗೊತ್ತಾಗಿದ್ದು, ಅವರಿಗೆ ದೊಡ್ಡ ಮಾತ್ರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಅಷ್ಟೇ. ಡಾಕ್ಟರಿಗೆ ಹೇಳಿದೆ, ಸಿರಪ್ ಬರೆದರು, ಹಟ ಮುಗಿಯಿತು.

ಪೈಪ್ ರಿಪೇರಿ ಆದ ವಾರವೇ ನನ್ನ ಸಿಡುಕು ವಾಪಸ್ ಬಂತು.

ಕೆಲಸದ ಹೊರೆಗೂ ಸಿಡುಕಿಗೂ ಏನು ಸಂಬಂಧ ಅಂತ ಆಗ ಹುಡುಕಿ ಓದತೊಡಗಿದೆ. 1973ರ ಒಂದು ಪ್ರಯೋಗ ಮರೆಯೋಕೇ ಆಗಲ್ಲ. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಪಾದ್ರಿಯಾಗಲು ಓದುತ್ತಿದ್ದವರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕೆಮ್ಮುತ್ತಾ ಕುಸಿದು ಕೂತಿರುತ್ತಾನೆ. ಅವಸರ ಇಲ್ಲದವರಲ್ಲಿ ಶೇ. 63 ಮಂದಿ ನಿಂತು ವಿಚಾರಿಸಿದರು. 'ತಡ ಆಯ್ತು, ಬೇಗ ಹೋಗಿ' ಅನ್ನಿಸಿಕೊಂಡವರಲ್ಲಿ ಬರೀ ಶೇ. 10. ದೇವರ ಕೆಲಸಕ್ಕೆ ಹೊರಟವರ ಕಥೆಯೇ ಇದು!

ಇನ್ನೊಂದು 1960ರದ್ದು. ಲಂಡನ್ನಿನ ಆಸ್ಪತ್ರೆಯೊಂದರ ನರ್ಸ್‌ಗಳನ್ನು ಗಮನಿಸಿದ ಮನೋವಿಶ್ಲೇಷಕಿ ಇಸಾಬೆಲ್ ಮೆನ್ಜೀಸ್, ಆ ನರ್ಸ್‌ಗಳು ರೋಗಿಯ ಹೆಸರು ಹೇಳದೆ 'ಹತ್ತನೇ ಬೆಡ್ಡಿನ ಲಿವರ್' ಅನ್ನುವುದನ್ನು ಗುರುತಿಸಿದರು. ಒಬ್ಬ ನರ್ಸ್ ತುಂಬಾ ಜನರಿಗೆ ಸ್ವಲ್ಪ ಸ್ವಲ್ಪ ಕೆಲಸ ಮಾಡುವ ಹಾಗೆ ಹಂಚಿದ್ದರಿಂದ ಯಾರನ್ನೂ ಪೂರ್ತಿ ನೋಡುವಂತಿರಲಿಲ್ಲ. ಹತ್ತಿರ ಹೋದರೆ ಸಂಕಟ ಅಲ್ವಾ, ಆ ಸಂಕಟ ತಟ್ಟದಿರಲಿ ಅಂತ ವ್ಯವಸ್ಥೆಯೇ ಕಟ್ಟಿದ ಗೋಡೆ ಅದು. ನಾವೂ 'ಏಳನೇ ಬೆಡ್ ಶುಗರ್' ಅಂತೀವಿ. ನಾನೂ ಅಂತಿದ್ದೆ.

ಮಾತಿನ ಧಾಟಿಗೆ ಮಾತ್ರ ನಿಲ್ಲುವ ವಿಷಯವೂ ಅಲ್ಲ ಇದು. ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಮೇಲೆ 2002ರಲ್ಲಿ ಬಂದ ಅಧ್ಯಯನದಲ್ಲಿ, ಒಬ್ಬ ನರ್ಸ್‌ಗೆ ಒಬ್ಬ ರೋಗಿ ಜಾಸ್ತಿಯಾದಂತೆಲ್ಲ, ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರಿದ್ದು ಕಂಡಿತು. ನರ್ಸ್‌ಗಳು ಬೆಂದು ಬಸವಳಿಯುವ ಸಂಭವ ಶೇ. 23ರಷ್ಟು ಏರಿತ್ತು. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಒಬ್ಬರಿಗೆ ಎಷ್ಟು ರೋಗಿಗಳು ಅನ್ನುವುದಕ್ಕೆ ಕಾನೂನಿನ ಮಿತಿಯೇ ಇದೆ.

ಇಷ್ಟು ಹೇಳಿದೆ ಅಂತ ಎಲ್ಲ ಒರಟುತನಕ್ಕೂ ಮಾಫಿ ಇದೆ ಅಂದುಕೊಳ್ಳಬೇಡಿ. ಆರೇ ಆರು ರೋಗಿಗಳಿದ್ದಾಗಲೂ ಗದರುವವರು ನಮ್ಮಲ್ಲೇ ಇದ್ದಾರೆ. ಆದರೆ ಅವರು ಒಬ್ಬಿಬ್ಬರು. ಇಡೀ ವಾರ್ಡೇ ಸಿಡುಕುತ್ತಿದ್ದರೆ ಮೊದಲು ಡ್ಯೂಟಿ ಪಟ್ಟಿ ನೋಡಬೇಕು.

ಜನ ಕೊಡಿ ಅಂತ ಕೇಳಿದೆವು, ಸಿಗಲಿಲ್ಲ. ಎರಡು ವಾರ ಬೆಲ್ ಯಾವಾಗ, ಯಾಕೆ ಬಂತು ಅಂತ ಬರೆದಿಟ್ಟೆವು. ರಾತ್ರಿ ಮಲಗುವ ಹೊತ್ತು, ಬೆಳಗಿನ ಜಾವ, ಜಾಸ್ತಿ ಟಾಯ್ಲೆಟ್‌ಗೆ, ಇಲ್ಲವೇ ನೀರು ಕೈಗೆ ಸಿಗದೆ. ಸರಿ, ಆ ಹೊತ್ತಿಗೆ ಮೊದಲೇ ಒಂದು ಸುತ್ತು ಹೋಗಿ ಬರೋಣ ಅಂತ ಶುರು ಮಾಡಿದೆವು. ಟಾಯ್ಲೆಟ್ ಬೇಕಾ, ನೋವಿದೆಯಾ, ನೀರು-ಬೆಲ್ ಕೈಗೆಟುಕುತ್ತಾ? ಅಷ್ಟೇ ಕೇಳುವುದು. ಬೆಲ್ ಕಡಿಮೆಯಾಯಿತು, ಗದರುವುದೂ. ಆದರೆ ಇದಕ್ಕೆ ಇಬ್ಬರು ಬೇಕೇ ಬೇಕು. ಒಬ್ಬರನ್ನು ಎಳೆದುಕೊಂಡರೆ ಸುತ್ತು ಮೊದಲು ನಿಲ್ಲುತ್ತೆ.

ಹಾಗೆ ನಿಂತ ದಿನ ಈಗ ರಿಪೋರ್ಟ್ ಪುಸ್ತಕದಲ್ಲಿ ಬರೆದಿಡುತ್ತೇನೆ: 'ಇವತ್ತು ರಾತ್ರಿ ಸುತ್ತು ಆಗಲಿಲ್ಲ, ಒಬ್ಬಳೇ ಇದ್ದೆ, 21 ರೋಗಿಗಳು.' ಮೊದಲ ಸಲ ಇನ್‌ಚಾರ್ಜ್ ಸಿಸ್ಟರ್ ಅದನ್ನು ಹೊಡೆದುಹಾಕಲು ಹೇಳಿದರು. ನಾನು ಹೊಡೆದುಹಾಕಲಿಲ್ಲ. ಹೋದ ತಿಂಗಳು ಅವರೇ ಆ ಪುಟಗಳನ್ನು ಜೆರಾಕ್ಸ್ ಮಾಡಿಸಿಕೊಂಡು ಮೀಟಿಂಗ್‌ಗೆ ಹೋದರು.