ಸ್ಕೂಟರ್ ಇಲ್ಲದ ಒಂದು ಬೆಳಗ್ಗೆ

ಸ್ಕೂಟರ್ ಸರ್ವೀಸಿಗೆ ಬಿಟ್ಟಿದ್ದೆ. ಹಾಗಾಗಿ ಅವತ್ತು ಮಗನನ್ನು ಶಾಲೆಗೆ ನಡೆಸಿಕೊಂಡೇ ಹೋಗಬೇಕಾಯಿತು. ಒಂದು ಕಿಲೋಮೀಟರೂ ಇಲ್ಲ. ನಡುವೆ ಬಿ.ಎಚ್. ರಸ್ತೆ ದಾಟಬೇಕು, ಅಷ್ಟೇ. ಆ 'ಅಷ್ಟೇ' ಏನು ಅಂತ ತುಮಕೂರಿನವರಿಗೆ ಗೊತ್ತು. ಹೆಸರೇ ಬೆಂಗಳೂರು-ಹೊನ್ನಾವರ ರಸ್ತೆ. ಗಾಡಿಯವರೆಲ್ಲ ಮಧ್ಯಾಹ್ನದ ಊಟಕ್ಕೆ ಹೊನ್ನಾವರ ಸೇರಬೇಕು ಅನ್ನೋ ಹಾಗೆ ಓಡಿಸುತ್ತಾರೆ.

ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿ ಜೊತೆಯಾದಳು. ಅವಳು ದಿನಾ ನಡೆದೇ ಹೋಗೋದು. ಜೀಬ್ರಾ ಪಟ್ಟೆಯ ಬಣ್ಣ ಅರ್ಧ ಅಳಿಸಿತ್ತು. ಒಂದು ಬಸ್ಸು ನಮಗಾಗಿ ನಿಂತಿತು. ಪಾಪ ಒಳ್ಳೆಯವನು ಅಂದುಕೊಂಡು ಕಾಲಿಟ್ಟೆ. ಹುಡುಗಿ ನನ್ನ ಶರ್ಟು ಹಿಡಿದು ಎಳೆದಳು. "ನಿಂತ್ಕೊಳ್ಳಿ ಅಂಕಲ್, ಬಸ್ಸಿನ ಪಕ್ಕದಿಂದ ಬೈಕ್ ಬರುತ್ತೆ." ಬಂತು. ಒಂದಲ್ಲ, ಎರಡು.

ದಾಟಿದ ಮೇಲೆ ಮಗನ ಶೂ ಲೇಸು ಬಿಚ್ಚಿತು. ರಸ್ತೆ ಪಕ್ಕ ನಿಲ್ಲಿಸಿದ್ದ ಗೂಡ್ಸ್ ಆಟೋ, ಕಾರಿನ ನಡುವೆ ಕುಕ್ಕರಗಾಲಲ್ಲಿ ಕೂತು ಕಟ್ಟಿದೆ. ತಲೆ ಎತ್ತಿದರೆ ರಸ್ತೆಯೇ ಇಲ್ಲ! ಒಂದು ಕಡೆ ಟೈರು, ಇನ್ನೊಂದು ಕಡೆ ಬಾನೆಟ್ಟು. ಏಳು ವರ್ಷದ ಮಗ ನಿಂತಾಗ ಕಾಣುವುದೂ ಹೆಚ್ಚುಕಮ್ಮಿ ಇಷ್ಟೇ. ಡ್ರೈವರಿಗೂ ಅವನು ಕಾಣುವುದಿಲ್ಲ. 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ಮಗು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಗಾಡಿ ಒಂದು ಬಸ್ಸಿನುದ್ದ ಮುಂದೆ ಬಂದಿರುತ್ತದೆ.

ಶಾಲೆಯ ಬೀದಿಯಲ್ಲಿ ಹಂಪ್ ಇದೆ. ರಸ್ತೆ ಹೇಗಿರಬೇಕು ಅಂತ ಮಾನದಂಡ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಲೆಕ್ಕದಲ್ಲಿ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು, ಮೆಲ್ಲಗೆ ಏರಿ ಮೆಲ್ಲಗೆ ಇಳಿಯಬೇಕು. ನಮ್ಮದು ನಾಡಹೆಂಚು ಕವುಚಿ ಹಾಕಿದ ಹಾಗಿದೆ. ಅದಕ್ಕೇ ಬೈಕಿನವರು ಅಂಚಿನ ಸಂದಿಯಲ್ಲಿ ನುಗ್ಗುತ್ತಾರೆ. ಮಕ್ಕಳು ನಡೆಯುವುದೂ ಅದೇ ಸಂದಿಯಲ್ಲಿ.

ಗೇಟಿನ ಹತ್ತಿರ ಫುಟ್‌ಪಾತ್ ಖಾಲಿ ಇತ್ತು. ಹುಡುಗಿ ಖುಷಿಯಿಂದ ಹತ್ತಿದಳು. "ಇವತ್ತು ನಿಮ್ಮ ಸ್ಕೂಟರ್ ಇಲ್ಲ ಅಲ್ವಾ ಅಂಕಲ್, ಮೇಲೇ ಹೋಗ್ಬೋದು."

ಚುಚ್ಚಬೇಕು ಅಂತ ಹೇಳಿದ್ದಲ್ಲ. ಮಳೆ ಇಲ್ಲ ಅನ್ನುವಷ್ಟು ಸಲೀಸಾಗಿ ಹೇಳಿದಳು. ದಿನಾ ನಾನು ಅಲ್ಲೇ ಗಾಡಿ ಹತ್ತಿಸಿ ನಿಲ್ಲಿಸುತ್ತಿದ್ದೆ. ಇವಳಂಥವರು ರಸ್ತೆಗಿಳಿದು ಸುತ್ತಿಕೊಂಡು ಹೋಗುತ್ತಿದ್ದರು. ಸ್ಕೂಟರಿನ ಮೇಲೆ ಕೂತವನಿಗೆ ಅದು ಕಂಡಿರಲೇ ಇಲ್ಲ.

ಮರುದಿನ ಸ್ಕೂಟರ್ ಬಂತು. ಹಿಂದಿನ ಬೀದಿಯಲ್ಲೇ ನಿಲ್ಲಿಸಿ ಮಗನ ಕೈ ಹಿಡಿದು ನಡೆದೆ. ಬ್ಯಾಗು ಭಾರ ಅಂತ ಗೊಣಗಿದ. ಗೇಟಿನ ಬಳಿ ನನ್ನ ಜಾಗದಲ್ಲಿ ಬೇರೆ ಯಾರದೋ ಸ್ಕೂಟರ್ ನಿಂತಿತ್ತು. ಹೋಗಿ ಹೇಳಿದೆ.

"ಎರಡೇ ನಿಮಿಷ ಸರ್" ಅಂದರು. ಸೆಕ್ಯುರಿಟಿಯವನಿಗೆ ನಾನು ದಿನಾ ಹೇಳುತ್ತಿದ್ದ ಮಾತೇ.